ಕಮಲಾಪುರದ ಆಕಳಿನ ಗಜಕರ್ಣ

ಪರರಿಗೆ ಪಥ್ಯ ಹೇಳುವಷ್ಟು ಸುಖದ ಕೆಲಸ ಲೋಕದಲ್ಲಿ ಇನ್ನೊಂದಿಲ್ಲ. ನಾನಂತೂ ಅದನ್ನೇ ಮಾಡಿ ಸಂಬಳ ತಿಂದವನು. ನಿಜಾಮರ ಕಾಲದಲ್ಲಿ ಕಲಬುರ್ಗಿಯ ದನದ ದವಾಖಾನೆಯಲ್ಲಿ ನಾನು ಸಲೋತ್ರಿ, ಅಂದರೆ ದನದ ವೈದ್ಯ. ಆ ಆಳ್ವಿಕೆಯ ಕೊನೆಗೆ ಊರೂರು ಲೂಟಿಯಾದ ಗಲಾಟೆಯ ವರ್ಷ ನಮ್ಮ ಅತ್ತೆ ಜೀವ ಉಳಿಸಿಕೊಳ್ಳಲು ಕಮಲಾಪುರದಿಂದ ನಮ್ಮ ಮನೆಗೆ ಬಂದರು. ಒಡವೆಯ ಗಂಟನ್ನು ಊರಲ್ಲೇ ಬಿಟ್ಟು ಮುದಿ ಆಕಳನ್ನು ಹೊಡೆದುಕೊಂಡು ಬಂದಿದ್ದರು, ಪುಣ್ಯಾತ್ಗಿತ್ತಿ! ಅಲ್ಲಿಯ ಕೆಂಪು ಬಾಳೆಹಣ್ಣಿನ ಬಣ್ಣದ ಆಕಳು. ಅದರ ಬೆನ್ನ ತುಂಬ ಬೂದಿ ಬಳಿದಂತೆ ರೂಪಾಯಿ ಅಗಲದ ಗಜಕರ್ಣ.

ನಾನು ಬಿಟ್ಟೇನೆಯೇ? ಹೆಂಡತಿಯನ್ನೂ ಅತ್ತೆಯನ್ನೂ ಕೂರಿಸಿ ಭಾಷಣ ಹೊಡೆದೆ. ಇದು ಹಳಸಿದ ರೊಟ್ಟಿಗೆ ಹತ್ತುವ ಬೂಷ್ಟಿನ ಬಳಗ, ಏನೋ ಒಂದು ರಸ ಬಿಟ್ಟು ಕೂದಲನ್ನೂ ಮೇಲ್ದೊಗಲನ್ನೂ ಕರಗಿಸಿ ತಿನ್ನುತ್ತದೆ, ಮುಟ್ಟಿದವರಿಗೂ ಹತ್ತುತ್ತದೆ. ಮುಂಜಾನೆ ಎದ್ದು ಆಕಳ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಅತ್ತೆಯವರ ನೇಮ. ಅದು ಬಂದ್! ಬೂಷ್ಟಿಗೆ ಭಕ್ತಿ ತಿಳಿಯುವುದಿಲ್ಲ ಎಂದೂ ಸೇರಿಸಿದೆ.

“ಕೋಡಿಗೂ ಹತ್ತತದೇನ್ರಿ ಅಳಿಯಂದ್ರ?” ಎಂದರು ಅತ್ತೆ.

“ಕೋಡಿಗೇನ ಆಗಂಗಿಲ್ರಿ,” ಎಂದು ಹೇಳಿ ಕೋಲಿಗೆ ಅರಿವೆ ಸುತ್ತಿದೆ. ದೂರ ನಿಂತು, ಕೈ ತಾಗಿಸದೆ, ಗಂಧಕದ ಮುಲಾಮು ಹಚ್ಚುವುದು ನನ್ನ ಪದ್ಧತಿ.

ಅಷ್ಟರಲ್ಲಿ ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿಯಿತು. ಹಳೆಯ ನೌಕರರಲ್ಲಿ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕೈಬಿಡಬೇಕು ಎಂದು ನೋಡಲು ಹೊಸ ಸಾಹೇಬರು ಬಂದರು. ನಾನು ಕಲಿತದ್ದೆಲ್ಲ ಉರ್ದುವಿನಲ್ಲಿ. ಅವರಿಗೆ ಉರ್ದು ಬಾರದು. ಹೆಂಡತಿ, ಅತ್ತೆ, ಅತ್ತೆಯ ಆಕಳು, ಎಲ್ಲರ ಹೊಟ್ಟೆಯೂ ಆ ನೌಕರಿಯ ಮೇಲೆ. ಸಾಹೇಬರನ್ನು ಕಾಣುವ ದಿನ ಟೋಪಿ ಹಾಕಿಕೊಂಡು ಹೊರಟವನು ಕೊಟ್ಟಿಗೆಯ ಬಳಿ ನಿಂತೆ. ಅತ್ತಿತ್ತ ನೋಡಿದೆ. ಆಕಳ ಬೆನ್ನು ಮುಟ್ಟಿ ಎರಡೂ ಕಣ್ಣಿಗೆ ಗಟ್ಟಿಯಾಗಿ ಒತ್ತಿಕೊಂಡೆ.

ನೌಕರಿ ಉಳಿಯಿತು. ಆ ಸಂಭ್ರಮ ಮುಗಿಯುವುದರೊಳಗೆ ಹುಬ್ಬುಗಳಲ್ಲಿ ತುರಿಕೆ ಶುರುವಾಗಿ, ಮೂಗಿನ ಮೇಲೆ ಚಾಳೀಸು ಏರಿಸಿದಂತೆ ಕಣ್ಣ ಸುತ್ತ ಎರಡು ಕೆಂಪು ಉಂಗುರ ಎದ್ದವು. ಅತ್ತೆ ನನ್ನ ಮುಖ ನೋಡಿದರು, ಆಮೇಲೆ ಆಕಳ ಬೆನ್ನು ನೋಡಿದರು.

“ದವಾಖಾನಿದಾಗ ಯಾವ್ದೋ ಎತ್ತಿಂದ ಹತ್ತ್ಯಾದರಿ,” ಎಂದೆ.

“ಎತ್ತಿಗೂ ನಮಸ್ಕಾರ ಮಾಡ್ತೀರೇನ್ರಿ?”

ನನಗೆ ಸಿಟ್ಟು ಬಂತು. “ಮತ್ತ ನಿಮಗ್ಯಾಕ ಹತ್ತಿಲ್ರಿ? ನೇಮ ಬಿಟ್ಟೀರೇನು?”

“ಯಾಕ ಬಿಡ್ಲಿರಿ? ಬೆನ್ನು ಮುಟ್ಟಬ್ಯಾಡ್ರಿ ಅಂತ ನೀವ ಹೇಳೀರಿ. ದಿನಾ ಕೋಡು ಮುಟ್ಟಿ ಕಣ್ಣಿಗೆ ಒತ್ಕೋತೀನಿ. ಹಿಂದ ಮುಟ್ಟಿದ್ರೇನು, ಮುಂದ ಮುಟ್ಟಿದ್ರೇನು, ಆಕಳ ಒಂದ ಅಲ್ಲೇನ್ರಿ?”

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಮರುದಿನದಿಂದ ಮುಲಾಮಿನ ಕೆಲಸ ಅತ್ತೆಯವರೇ ವಹಿಸಿಕೊಂಡರು. ಕೋಲಿಗೆ ಅರಿವೆ ಸುತ್ತಿ, ದೂರ ನಿಂತು, ಕೈ ತಾಗಿಸದೆ, ಮೊದಲು ಆಕಳಿಗೆ, ಆಮೇಲೆ ನನಗೆ. ನಾನು ಹೇಳಿದ ಪಥ್ಯವನ್ನು ಅಷ್ಟು ಚೆನ್ನಾಗಿ ಪಾಲಿಸಿದವರನ್ನು ನನ್ನ ನೌಕರಿಯಲ್ಲೇ ನೋಡಿಲ್ಲ.