ಅಪ್ಪನ ಆಯುಸ್ಸಿಗೆ ನಾನು ಕೂಡಿಸಿದ ಹದಿನಾರು ವರ್ಷ

ನನ್ನ ಗಂಟಲಿಗೊಂದು ಕೆಟ್ಟ ಚಾಳಿಯಿದೆ. ಯಾರ ಮಾತು ಕಿವಿಗೆ ಬಿದ್ದರೂ ಅವರದೇ ಧ್ವನಿಯಲ್ಲಿ ಅಣಕಿಸದೆ ಅದು ಸುಮ್ಮನಿರುವುದಿಲ್ಲ. ಸೊಪ್ಪಿನವಳಿಂದ ಹಿಡಿದು ಹೆಡ್‌ಮಾಸ್ತರರ ತನಕ ಎಲ್ಲರನ್ನೂ ಆಡಿ ತೋರಿಸಿ ಏಟು ತಿಂದಿದ್ದೇನೆ. ಬಿ.ಎ. ಮುಗಿದು ಎರಡು ವರ್ಷವಾದರೂ ಕೆಲಸ ಸಿಗದವನಿಗೆ ಇರುವುದು ಇದೊಂದೇ ವಿದ್ಯೆ.

ಅಪ್ಪ ಬಟ್ಟೆ ಗಿರಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಪೆನ್ಷನ್ ಇಲ್ಲ; ಐವತ್ತೈದಕ್ಕೆ ನಿವೃತ್ತರಾದಾಗ ಕೈಗೆ ಬಂದದ್ದು ಪ್ರಾವಿಡೆಂಟ್ ಫಂಡಿನ ಒಂದೇ ಗಂಟು. ದುಡ್ಡು ಮೊದಲು ಮುಗಿದು ತಾವು ಉಳಿದುಬಿಟ್ಟರೆ ಏನು ಗತಿ ಎಂಬ ಚಿಂತೆಯಲ್ಲಿ ಜಯನಗರದ ಖಾಲಿ ಸೈಟುಗಳನ್ನೆಲ್ಲ ದಿನಕ್ಕೆ ಮೂರು ಸಲ ಸುತ್ತುತ್ತಿದ್ದರು. ಬೇರೆಯವರಾಗಿದ್ದರೆ ಬ್ಯಾಂಕಿಗೆ ಹೋಗುತ್ತಿದ್ದರು. ಅಪ್ಪ ಜಾತಕ ಹಿಡಿದು ಪಕ್ಕದ ಬೀದಿಯ ಜೋಯಿಸರ ಬಳಿ ಹೋದರು. ಮೂಗಿನಲ್ಲೇ ಮಾತಾಡುವ ಜೋಯಿಸರು, ಎಪ್ಪತ್ತೆರಡರ ತನಕ ಯೋಚನೆಯಿಲ್ಲ ಎಂದರು. ತನ್ನ ಸಾವಿನ ವರ್ಷ ತಿಳಿದು ಅಷ್ಟು ಖುಷಿಪಟ್ಟ ಇನ್ನೊಬ್ಬರನ್ನು ನಾನು ನೋಡಿಲ್ಲ. ಗಂಟನ್ನು ಹದಿನೇಳು ಪಾಲು ಮಾಡಿ, ಕಾಫಿಗೆ ಗಟ್ಟಿ ಹಾಲು, ಅಮ್ಮನಿಗೆ ವರ್ಷಕ್ಕೆರಡು ಸೀರೆ, ನನಗೆ ವಾರಕ್ಕೊಂದು ಸಿನಿಮಾ ಎಂದು ಬರೆದಿಟ್ಟರು.

ನಾನು ಸುಮ್ಮನಿರಬಹುದಿತ್ತು. ಜೋಯಿಸರು ಮಗಳ ಮನೆಗೆಂದು ಮೈಸೂರಿಗೆ ಹೊರಟ ಬೆಳಿಗ್ಗೆ, ಅಪ್ಪ ಸ್ನಾನಕ್ಕಿಳಿದಿದ್ದಾಗ, ಬಚ್ಚಲ ಕಿಟಕಿಯ ಹೊರಗೆ ನಿಂತು ಅವರದೇ ಮೂಗಿನಲ್ಲಿ, "ರಾಯ್ರೇ, ಲೆಕ್ಕ ತಪ್ಪಿತ್ತು ಕಣ್ರೀ. ನಿಮ್ದು ಎಂಬತ್ತೆಂಟು. ಬಸ್ಸಿಗೆ ಹೊತ್ತಾಯ್ತು, ಬರ್ತೀನಿ" ಎಂದೆ.

ಒಳಗೆ ಚೊಂಬು ಬಿದ್ದ ಸದ್ದಾಯಿತು.

ಅಂದೇ ಹದಿನೇಳು ಪಾಲು ಮೂವತ್ತಮೂರಾಯಿತು. ಹಾಲು ಅರ್ಧಕ್ಕಿಳಿಯಿತು, ಕಾಫಿಯಲ್ಲಿ ಚಿಕೋರಿ ಏರಿತು, ಸೀರೆ ಹೋಯಿತು. ಎಲ್ಲಕ್ಕಿಂತ ಮೊದಲು ನನ್ನ ಸಿನಿಮಾ ಹೋಯಿತು. ಅಪ್ಪನ ಸುತ್ತಾಟ ಮೂರರಿಂದ ಆರಾಯಿತು. ರಾಗಿ ಗಂಜಿಯ ಮುಂದೆ ಕೂತು, ಇನ್ನೂ ಮೂವತ್ತಮೂರು ವರ್ಷ ಬದುಕಬೇಕಲ್ಲ ಎಂದು ನಿಟ್ಟುಸಿರುಬಿಡುವುದನ್ನು ಕೇಳಲಾರದೆ ನಾಲ್ಕನೆಯ ದಿನ ನಿಜ ಒಪ್ಪಿಕೊಂಡೆ. ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

"ನೀನು ಸುಳ್ಳು ಅಂದ್ರೂ ಆ ಧ್ವನಿ ಕಿವಿ ಬಿಟ್ಟು ಹೋಗಲ್ಲ ಕಣೋ. ಅದೇ ಮೂಗಲ್ಲಿ ಎಪ್ಪತ್ತೆರಡೇ ಸರಿ ಅಂದ್ಬಿಡು. ನಾಳೆಯಿಂದ ಹಾಲು ಹಾಕಿಸ್ತೀನಿ."

ಅಡುಗೆಮನೆಯಲ್ಲಿ ಅಮ್ಮ ಮಜ್ಜಿಗೆ ಕಡೆಯುವ ಸದ್ದು ನಿಂತಿತು. ನಾನು ಮೂಗು ಸಜ್ಜು ಮಾಡಿಕೊಂಡು ಬಾಯಿ ತೆರೆದೆ. ಊರನ್ನೆಲ್ಲ ಆಡಿ ತೋರಿಸಿದ ಗಂಟಲಿನಿಂದ ಆ ಒಂದು ಸಂಖ್ಯೆ ಹೊರಡಲಿಲ್ಲ.

"ಎಂಬತ್ತೆಂಟೇ ಇರ್ಲಿ ಬಿಡಿ ಅಪ್ಪ" ಎಂದೆ, ನನ್ನದೇ ಧ್ವನಿಯಲ್ಲಿ.

"ಹಂಗಾದ್ರೆ ಮೇಲಿನ ಹದಿನಾರರ ಖರ್ಚು ನಿಂದು" ಎಂದರು ಅಪ್ಪ.

ಈಗ ಅವರು ನೆಮ್ಮದಿಯಾಗಿ ಗಟ್ಟಿ ಕಾಫಿ ಕುಡಿಯುತ್ತಾರೆ. ಕೆಲಸದ ಅರ್ಜಿ ಹಿಡಿದು ದಿನಕ್ಕೆ ಆರು ಸಲ ಸುತ್ತುವವನು ನಾನು. ಬೇರೆ ಏನಾದರೂ ವಿದ್ಯೆ ಬರುತ್ತದೆಯೇ ಎಂದು ಯಾರಾದರೂ ಕೇಳಿದರೆ, ಏನೂ ಬರುವುದಿಲ್ಲ ಸಾರ್ ಎನ್ನುತ್ತೇನೆ.