ನಾಗಣ್ಣನ ಎಡಗಣ್ಣು, ಸುಂದರಬಾಯಿಯ ಬ್ಯಾಟರಿ ಕುರ್ಚಿ

ಸೊನ್ನದ ಬ್ಯಾರೇಜಿನಲ್ಲಿ ಗೇಟು ಮುಚ್ಚಿದರೆ ಭೀಮಾ ನದಿ ನಿಲ್ಲುತ್ತದೆ. ನಾಗಣ್ಣ ಎಡಗಣ್ಣು ಮುಚ್ಚಿದರೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ಎತ್ತಿನ ವ್ಯಾಪಾರ ನಿಲ್ಲುತ್ತದೆ. ಉಳಿದ ಒಂದೇ ಕಣ್ಣಿನಿಂದ ಅವನು ಎತ್ತಿನ ಕೋಡು, ಹಲ್ಲು, ಮೈಮೇಲಿನ ಕೂದಲ ಸುಳಿ ನೋಡುವಾಗ ದಲ್ಲಾಳಿಗಳು ಬಾಯಲ್ಲಿದ್ದ ಎಲೆಅಡಿಕೆ ಜಗಿಯುವುದನ್ನೂ ಮರೆಯುತ್ತಾರೆ. ಅಫಜಲಪುರದ ಸಂತೆಯಲ್ಲಿ ಒಮ್ಮೆ ಆ ನೋಟಕ್ಕೆ ನಾಚಿ ಮುದಿ ಎತ್ತೊಂದು ತನ್ನ ನಿಜವಾದ ವಯಸ್ಸು ಒಪ್ಪಿಕೊಂಡಿತಂತೆ. (ಎತ್ತು ಹೇಗೆ ಹೇಳಿತು ಎಂದು ಕೇಳುವ ಅಧಿಕಪ್ರಸಂಗಿಗಳಿಗೆ ಆ ಸಂತೆಯಲ್ಲಿ ಚಹಾ ಸಿಗುವುದಿಲ್ಲ.)

ಇಂಥ ಮಹಾಪುರುಷನ ಹೆಂಡತಿ ಸುಂದರಬಾಯಿಗೆ ಮೊಣಕಾಲುಗಳು ಕೈಕೊಟ್ಟವು. ಕೈಗಳಾದರೂ ಸಾಥ್ ಕೊಡಬೇಕಿತ್ತು. ಬೆರಳ ಗಂಟುಗಳೂ ಬಾತುಕೊಂಡು ಕೂತವು. ಊಟವಾದ ಮೇಲೆ ಎರಡು ಓಣಿ ದಾಟಿ ಗೆಳತಿ ಖುರ್ಷಿದಬೇಗಂ ಮನೆಗೆ ಹೋಗುವುದು, ಇಬ್ಬರೂ ಕೂತು ತಂತಮ್ಮ ಗಂಡಂದಿರನ್ನು ಸಾವಕಾಶವಾಗಿ ಒಗೆದು, ಹಿಂಡಿ, ಒಣಹಾಕುವುದು ಅವಳ ಬದುಕಿನ ಉಪ್ಪು. ಮಳೆಗಾಲದಿಂದ ಅದು ನಿಂತುಹೋಗಿತ್ತು. ಖುರ್ಷಿದಬೇಗಂ ತಾನೇ ಇತ್ತ ಬರುತ್ತಿದ್ದಳು, ನಿಜ. ಆದರೆ ಇಲ್ಲಿ ನಾಗಣ್ಣ ಪಡಸಾಲೆಯಲ್ಲೇ ಪವಡಿಸಿರುತ್ತಾನೆ. ಮೈಮೇಲಿರುವ ಬಟ್ಟೆಯನ್ನು ಒಗೆಯುವುದು ಹೇಗೆ?

ಬ್ಯಾಟರಿ ಗಾಡಿ ಕೊಳ್ಳುವುದೆಂದು ತೀರ್ಮಾನವಾಯಿತು. ತಮ್ಮೂರು ಆಳಂದದ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ, ಊರುಗೋಲು, ಗಾಲಿಕುರ್ಚಿ ಮಾರುವ ಮುಕ್ರಮನ ಅಂಗಡಿಗೆ ಗಂಡಹೆಂಡತಿ ಆಟೋದಲ್ಲಿ ಬಂದಿಳಿದರು. ಜತೆಗೆ ಜೇವರ್ಗಿಯ ಸಿದ್ದಲಿಂಗನೂ ಇದ್ದ. ಅವನು ಎತ್ತು ಆರಿಸುವ ವಿದ್ಯೆ ಕಲಿಯಲು ನಾಗಣ್ಣನ ಬೆನ್ನು ಹತ್ತಿದ ಶಿಷ್ಯ. ಗುರು ಎಡಗಣ್ಣು ಮುಚ್ಚಿದರೆ ತಾನೂ ಮುಚ್ಚುತ್ತಿದ್ದ. ಅಷ್ಟರಮಟ್ಟಿಗೆ ವಿದ್ಯೆ ಹತ್ತಿತ್ತು.

ಅಂಗಡಿಯಲ್ಲಿ ಎರಡು ಗಾಡಿಗಳಿದ್ದವು. ಒಂದು ಬ್ಯಾಟರಿ ಕುರ್ಚಿ. ಅದರ ಕೈಯಾಸರೆಯ ತುದಿಯಲ್ಲಿ ಹೆಬ್ಬೆರಳಿನಷ್ಟು ಕಡ್ಡಿ, ಅದನ್ನು ಯಾವ ಕಡೆ ಒತ್ತಿದರೆ ಕುರ್ಚಿ ಆ ಕಡೆ. ಇನ್ನೊಂದು ಕೆಂಪು ಬಣ್ಣದ ಮೂರು ಗಾಲಿಯ ಸ್ಕೂಟರು. ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ಅದರ ಕೆಳಗಿನ ಪಟ್ಟಿಯನ್ನು ಬೆರಳಿನಿಂದ ಹಿಚುಕಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಬೆರಳು ಬಾತವರಿಗೆ, ಸಣ್ಣ ಓಣಿಗೆ ಕುರ್ಚಿಯೇ ಸರಿ ಎಂದು ಮುಕ್ರಮ ಬಿಡಿಸಿ ಹೇಳಿದ. ಸುಂದರಬಾಯಿ ಗಮನವಿಟ್ಟು ಕೇಳಿದಳು. ನಾಗಣ್ಣ ಆಗ ಸ್ಕೂಟರಿನ ಹಿಂಭಾಗ ತಟ್ಟುತ್ತಿದ್ದ.

ಸುಂದರಬಾಯಿ ಕುರ್ಚಿಯಲ್ಲಿ ಕೂತು ಕಡ್ಡಿ ಒತ್ತಿದಳು. ಕುರ್ಚಿ ನಿಂತಲ್ಲೇ ಒಂದು ಸುತ್ತು ತಿರುಗಿ, ಊರುಗೋಲುಗಳ ಸಾಲಿನ ನಡುವೆ ಹೋಗಿ, ಒಂದನ್ನೂ ಕೆಡವದೆ ವಾಪಸು ಬಂತು.

“ಇದ ಸಾಕ್ರಿ ನನಗ” ಎಂದಳು.

“ನೀ ಸುಮ್ಕ ಕೂಡು. ಎತ್ತು ಆರಸೂದು ಹೆಣ್ಮಕ್ಕಳ ಕೆಲಸ ಅಲ್ಲ.”

“ಇದು ಎತ್ತಲ್ರಿ.”

“ಎಳಿಯೂದೆಲ್ಲಾ ಎತ್ತ.”

ನಾಗಣ್ಣ ಎಡಗಣ್ಣು ಮುಚ್ಚಿದ. ಸಿದ್ದಲಿಂಗನೂ ಮುಚ್ಚಿದ. ಕುರ್ಚಿಯ ಬೆನ್ನಿಗಿದ್ದ ಸ್ಕ್ರೂ ಕೆಟ್ಟ ಸುಳಿ ಎಂದು ತೀರ್ಪಾಯಿತು. ಇಂಥದು ಮನೆಯೊಡೆಯನಿಗೆ ಆಗಿಬರುವುದಿಲ್ಲ. ಸ್ಕೂಟರಿಗೆ ಮಾತ್ರ ಎದೆ ಅಗಲ, ಮುಖದಲ್ಲಿ ಕಳೆ. ಹಾಯುವ ಚಟವೇನಾದರೂ ಇದೆಯೇ ಎಂದು ನಾಗಣ್ಣ ಕೇಳಿದ. ಚಾರ್ಜು ಹಾಕಿದರೆ ಸಾಕು, ಬೇರೆ ಯಾವ ಚಟವೂ ಇಲ್ಲ ಎಂದ ಮುಕ್ರಮ. ಬಳಿಕ ನಾಗಣ್ಣ ಸಂತೆಯ ರಿವಾಜಿನಂತೆ ಮುಕ್ರಮನ ಕೈಮೇಲೆ ಟವೆಲ್ ಹೊದಿಸಿ, ಒಳಗೆ ಅವನ ಬೆರಳು ಹಿಡಿದು, ಬೆರಳ ಲೆಕ್ಕದಲ್ಲೇ ಗುಟ್ಟಾಗಿ ದರ ಹೇಳುವ ವ್ಯಾಪಾರ ಶುರುಮಾಡಿದ. ಮುಕ್ರಮ, ನಾಡಿ ನೋಡುತ್ತಿದ್ದಾರೆಂದು ತಿಳಿದು, ತನಗೆ ಸಕ್ಕರೆ ಕಾಯಿಲೆ ಇರುವುದನ್ನು ಹೇಳಿಬಿಟ್ಟ.

ಸುಂದರಬಾಯಿ ಸಣ್ಣ ದನಿಯಲ್ಲಿ ಹೇಳಿದಳು: “ಅದನ್ನ ಹಿಚಕಾಕ ನನ್ನ ಬೆರಳು ಬಾಗಂಗಿಲ್ರಿ. ರೊಟ್ಟಿ ಮುರಿಯಾಕೂ ಬರವಲ್ದು.”

“ರೂಢಿ ಆಗ್ತದ. ನಾ ನಡಸಿ ತೋರಸ್ತೇನಿ ನೋಡು.”

ಧೋತರ ಎತ್ತಿ ಕಟ್ಟಿ ವೀರಾಧಿವೀರ ನಾಗಣ್ಣ ಕೆಂಪು ವಾಹನವನ್ನು ಏರಿದ. ಪಟ್ಟಿ ಹಿಚುಕಿದ. ಸ್ಕೂಟರು ಅಂಗಡಿಯ ಇಳಿಜಾರು ಇಳಿದು ರಸ್ತೆಗೆ ಬಿತ್ತು. ಅಲ್ಲಿಯವರೆಗೆ ಇತಿಹಾಸ ಅವನ ಕಡೆಗಿತ್ತು. ಆಮೇಲೆ, ನಿಲ್ಲಿಸಬೇಕೆಂದು ನಾಗಣ್ಣ “ಹೋ, ಹೋ” ಎನ್ನುತ್ತ, ಹುಟ್ಟಿದಾಗಿನಿಂದ ಎತ್ತಿನ ಹಗ್ಗ ಜಗ್ಗಿದ ಕೈಯಿಂದ ಪಟ್ಟಿಯನ್ನು ಬಿಗಿಯಾಗಿ ಎಳೆದ. ಎಳೆದಷ್ಟೂ ಅದು ಓಡಿತು. ಓಡಿದಷ್ಟೂ ಅವನು ಎಳೆದ. ರಸ್ತೆಯ ಎಡಗಡೆ, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ, ಗುಡುಸಾಬನ ಬಾಳೆಹಣ್ಣಿನ ಬಂಡಿ ತನ್ನ ಪಾಡಿಗೆ ತಾನು ನಿಂತಿತ್ತು.

ಯಾರಿಗೂ ಪೆಟ್ಟಾಗಲಿಲ್ಲ. ಗೊನೆಯೊಂದು ನಾಗಣ್ಣನ ಕೊರಳಿಗೆ ಬಿತ್ತು, ಸನ್ಮಾನದ ಹಾರದಂತೆ. ಗಾಡಿ ಬಂಡಿಗೆ ಮೂತಿಯಿಟ್ಟು ಇನ್ನೂ ಗುರುಗುಟ್ಟುತ್ತಿತ್ತು, ಏಕೆಂದರೆ ಅವನು ಇನ್ನೂ ಎಳೆಯುತ್ತಲೇ ಇದ್ದ.

ಅಷ್ಟರಲ್ಲಿ ಸುಂದರಬಾಯಿಯ ಕುರ್ಚಿ ಇಳಿಜಾರು ಇಳಿದು, ಜನರ ನಡುವೆ ನುಸುಳಿ, ಅವನ ಪಾದದ ಬಳಿ ಬೆಣ್ಣೆಯಂತೆ ನಿಂತಿತು.

“ಕೈ ಬಿಡ್ರಿ. ಬಿಟ್ರ ನಿಲ್ತದ.”

ಬಿಟ್ಟ. ನಿಂತಿತು.

ಕುರ್ಚಿ ತನಗೇ ಇರಲೆಂದು ಸುಂದರಬಾಯಿ ಮುಕ್ರಮನಿಗೆ ಹೇಳಿದಳು. ಆಮೇಲೆ ಗಂಡನ ಕಡೆ ತಿರುಗಿ, “ನೀವು ಗುಡುಸಾಬನ ಹಣ್ಣು ಆರಿಸಿಕೊಟ್ಟು ಸಾವಕಾಶ ಬರ್ರಿ. ನಾ ಹಿಂಗ ಖುರ್ಷಿದನ ಮನಿಗಿ ಹೋಗ್ತೇನಿ. ಇವತ್ತು ಹೇಳೂದು ಭಾಳ ಅದ” ಎಂದು ಕಡ್ಡಿ ಒತ್ತಿ ಹೊರಟೇಹೋದಳು.

ಗುಡುಸಾಬ ಸೊಂಟದ ಮೇಲೆ ಕೈಯಿಟ್ಟು, ಇಷ್ಟು ದೊಡ್ಡ ಬಂಡಿ ಕಾಣಲಿಲ್ಲವೇ ಎಂದು ಕೇಳುತ್ತಿದ್ದ. ನಾಗಣ್ಣ ಕೊರಳಿನ ಗೊನೆ ಇಳಿಸುತ್ತಿದ್ದ. ಸಿದ್ದಲಿಂಗ ಮಾತ್ರ ಮುಚ್ಚಿದ ಎಡಗಣ್ಣು ಇನ್ನೂ ತೆರೆಯದೆ, ಭಕ್ತಿಯಿಂದ ಬಗ್ಗಿ ನಿಂತ.

“ಗುರುಗಳ, ಈ ಕಣ್ಣು ಮುಚ್ಚೂದ್ರಾಗ ಏನ್ ವಿದ್ಯಾ ಅದ, ಇವತ್ತರ ಹೇಳ್ರಿ.”

ನಾಗಣ್ಣ ಮೀಸೆಗೆ ಮೆತ್ತಿದ ಬಾಳೆಹಣ್ಣು ಒರೆಸಿಕೊಂಡ.

“ಏನೂ ಇಲ್ಲಪಾ. ಸಣ್ಣಾಂವಿದ್ದಾಗ ತೊಗರಿ ಕಡ್ಡಿ ಚುಚ್ಚಿ ಆ ಕಣ್ಣು ಹೋಗ್ಯಾದ. ಬಿಸಲಾಗ, ಏನರ ದಿಟ್ಟಿಸಿ ನೋಡಿದಾಗ ನೀರು ಸೋರ್ತದ, ಅದಕ್ಕ ಮುಚ್ಚತೇನಿ.”