ಅಜ್ಜನಿಗೆ ನಾನು ಕೊಟ್ಟ ಬಡ್ತಿ

ನನಗೊಂದು ದೌರ್ಬಲ್ಯವಿದೆ. ಕುಡಿತವಲ್ಲ, ಇಸ್ಪೀಟಲ್ಲ, ಅವಾಗಿದ್ದರೆ ಮನೆಯವರಿಗೆ ಬೈಯಲು ಅನುಕೂಲವಾಗುತ್ತಿತ್ತು. ‘ಗೊತ್ತಿಲ್ಲ’ ಎಂದು ಹೇಳಲು ನನಗೆ ಬರುವುದಿಲ್ಲ. ಯಾರಾದರೂ ಏನಾದರೂ ಕೇಳಿದರೆ ಸಾಕು, ತಲೆ ಯೋಚಿಸುವ ಮೊದಲೇ ಬಾಯಿ ಉತ್ತರ ಕೊಟ್ಟು ಮುಗಿಸಿರುತ್ತದೆ. ಪುಣೆಗೆ ಬಂದು ಇಷ್ಟು ವರ್ಷವಾದರೂ ಅರ್ಧ ಊರು ನನಗೆ ತಿಳಿಯದು. ಆದರೂ ನನ್ನನ್ನು ದಾರಿ ಕೇಳಿ ಬರಿಗೈಯಲ್ಲಿ ಹೋದವರಿಲ್ಲ. ಒಮ್ಮೆ ವಿಜಯಪುರದ ಕಡೆಯ ಒಂದು ಕುಟುಂಬ ಜೇಜುರಿಯ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೇಳಿತು. ನಮ್ಮ ಕಡೆಯವರು ಎಂಬ ಸಂತೋಷಕ್ಕೆ ನಾನೇ ಅವರ ಚೀಲ ಹೊತ್ತು, ಬಸ್ಸು ಹತ್ತಿಸಿ, ಕಿಟಕಿಯ ಕಡೆ ಕೈ ಬೀಸಿ ಬಂದೆ. ಆ ಬಸ್ಸು ಭೋರಿಗೆ ಹೋಗುವುದಾಗಿತ್ತು. ಖಂಡೋಬನ ದರ್ಶನಕ್ಕೆ ಹೊರಟವರು ಬೆಟ್ಟದ ಊರಿನ ಸಂತೆಯಲ್ಲಿ ಇಳಿದು ಸುತ್ತಮುತ್ತ ನೋಡಿದ್ದನ್ನು ನೆನೆದರೆ, ಮನೆಯಲ್ಲಿರುವ ಖಂಡೋಬನ ಪಟದ ಕಣ್ಣಿಗೆ ಕಣ್ಣು ಕೊಡಲು ಇಂದಿಗೂ ನನಗೆ ಧೈರ್ಯ ಬರುವುದಿಲ್ಲ.

ಇದರ ಬೇರು ಶಾಲೆಯಲ್ಲಿದೆ ಎಂದು ನನ್ನ ಅನುಮಾನ. ಏಳನೆಯ ಇಯತ್ತೆ ಮುಗಿಯುವ ಮೊದಲೇ ನಾನು ಶಾಲೆ ಬಿಟ್ಟೆ, ಆದರೆ ಶಾಲೆಯ ಭಯ ನನ್ನನ್ನು ಬಿಡಲಿಲ್ಲ. ‘ಗೊತ್ತಿಲ್ರಿ’ ಎಂದವನು ಬೆಂಚಿನ ಮೇಲೆ ನಿಲ್ಲಬೇಕಿತ್ತು. ಏನಾದರೊಂದು ಹೇಳಿದವನು, ಮಾಸ್ತರರು ಅದನ್ನು ಯೋಚಿಸಿ ನೋಡುವಷ್ಟು ಹೊತ್ತಾದರೂ ಕುಳಿತಿರಬಹುದಿತ್ತು. ನನ್ನ ತಂಗಿ ಸುಮಿತ್ರಾ ಹಾಗಲ್ಲ. ಅವಳು ಬಿ.ಕಾಂ. ಮುಗಿಸಿ ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ತಿಳಿಯದ್ದನ್ನು ತಿಳಿಯದು ಎನ್ನುತ್ತಾಳೆ, ಮೊಬೈಲಿನಲ್ಲಿ ನೋಡುತ್ತಾಳೆ, ನೋಡಿದ್ದನ್ನೂ ಪೂರ್ತಿ ನಂಬುವುದಿಲ್ಲ. ಅಂಥವಳು ಜೀವಮಾನದಲ್ಲಿ ಒಂದೇ ಒಂದು ವಿಷಯಕ್ಕೆ ನನ್ನನ್ನು ಕೇಳಿದಳು. ಆ ಒಂದನ್ನೇ ನಾನು ಕೆಡಿಸಿದೆ.

ನಾನು ಪುಣೆಯ ಬಿಬವೇವಾಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೇನೆ. ಮದುವೆಯ ಸೂಟು, ಫ್ಯಾಷನ್ ಕುರ್ತಾ ನನ್ನ ಹತ್ತಿರ ಬರುವುದಿಲ್ಲ. ಬರುವುದೆಲ್ಲ ಸೊಸೈಟಿಗಳ ಗೇಟಿನಲ್ಲಿ ನಿಲ್ಲುವ ಸೆಕ್ಯುರಿಟಿಯವರ ಯುನಿಫಾರ್ಮು. ಅವರನ್ನು ಕಳಿಸುವ ಮಾಲೀಕನೊಬ್ಬನಿದ್ದಾನೆ, ಅವನ ಪದ್ಧತಿಯೇ ಬೇರೆ. ನಿನ್ನೆ ಸೇರಿದ ಗಾರ್ಡಿಗೆ ತೋಳಿನ ಮೇಲೆ ಮೂರು ಪಟ್ಟಿ ಹೊಲಿಸುತ್ತಾನೆ, ಗಿರಾಕಿಗೆ ಭಯ ಹುಟ್ಟಲಿ ಎಂದು. ಮೇಲ್ವಿಚಾರಕನಿಗೆ ಎರಡು. ಎಲ್ಲರಿಗಿಂತ ಮೇಲಿನವನಿಗೆ ಒಂದೇ ಪಟ್ಟಿ, ಜೊತೆಗೆ ಭುಜದಿಂದ ಜೇಬಿಗೆ ಇಳಿಯುವ ಹೆಣೆದ ಹಗ್ಗ. ವರ್ಷಗಟ್ಟಲೆ ಇದನ್ನೇ ಹೊಲಿದು ಹೊಲಿದು, ಜಗತ್ತಿನ ಎಲ್ಲ ಯುನಿಫಾರ್ಮುಗಳ ಕಾನೂನೂ ಇದೇ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಕೆಲವು ತಿಂಗಳ ಹಿಂದೆ ಸುಮಿತ್ರಾ ಅಪ್ಪನ ಟ್ರಂಕು ತೆಗೆದಾಗ ಅಜ್ಜನ ಫೋಟೊ ಸಿಕ್ಕಿತು. ಅಜ್ಜ ಮಿಲಿಟರಿಯಲ್ಲಿದ್ದರು ಎಂಬುದೊಂದನ್ನು ಬಿಟ್ಟರೆ ನಮಗೆ ಬೇರೇನೂ ತಿಳಿಯದು. ನಾವು ಹುಟ್ಟುವ ಮೊದಲೇ ಅವರು ಹೋಗಿದ್ದರು, ಅಪ್ಪ ಮಾತಿನ ಮನುಷ್ಯನಲ್ಲ. ಫೋಟೊದಲ್ಲಿ ಇಪ್ಪತ್ತರ ಆಸುಪಾಸಿನ ಒಬ್ಬ ತೆಳ್ಳನೆಯ ಮನುಷ್ಯ ಎದೆ ಉಬ್ಬಿಸಿ ಕುರ್ಚಿಯ ಪಕ್ಕ ನಿಂತಿದ್ದ. ತೋಳಿನ ಮೇಲೆ ಬಾಣದ ತುದಿಯಂತೆ ಬಾಗಿದ ಒಂದು ಪಟ್ಟಿ. ಭುಜದಿಂದ ಜೇಬಿಗೆ ಹಗ್ಗ. ಸುಮಿತ್ರಾ ಅದನ್ನು ಅಂಗಡಿಗೆ ತಂದು ಮಶೀನಿನ ಮೇಲಿಟ್ಟಳು.

“ಅಣ್ಣಾ, ಯುನಿಫಾರ್ಮಿನ ವಿಷಯ ನಿನಗ ಗೊತ್ತಿರ್ತದ. ಅಜ್ಜ ಏನಾಗಿದ್ರು ಹೇಳು.”

ಓದಿದ ತಂಗಿ ನನ್ನ ಮುಂದೆ ವಿದ್ಯಾರ್ಥಿಯಂತೆ ನಿಂತಿದ್ದಳು. ನಾನು ಕನ್ನಡಕ ಮೂಗಿನ ತುದಿಗೆ ಇಳಿಸಿದೆ. ಒಂದೇ ಪಟ್ಟಿ, ಮೇಲೆ ಹಗ್ಗ. ಸಂಶಯವೇ ಇರಲಿಲ್ಲ. “ಕ್ಯಾಪ್ಟನ್” ಎಂದೆ. ಪಟ್ಟಿಯ ಹೊಲಿಗೆ ಮಾತ್ರ ವಿಪರೀತ ಸೊಟ್ಟಗಿತ್ತು. ಅದೂ ನನ್ನ ಕಣ್ಣಿಗೆ ಬಿತ್ತು, ಆದರೆ ಅಷ್ಟು ದೊಡ್ಡ ಸಾಹೇಬರಿಗೆ ಯಾವ ದಂಡಪಿಂಡ ಟೇಲರ್ ಸಿಕ್ಕಿದ್ದನೋ ಎಂದುಕೊಂಡು ಸುಮ್ಮನಾದೆ.

ಸುಮಿತ್ರಾಳ ಮಗಳಿಗೆ ಆಗಷ್ಟೇ ಸಂಬಂಧ ಕೂಡಿಬಂದಿತ್ತು. ಹುಡುಗನ ಅಜ್ಜ ಬೆಳಗಾವಿ ಕಡೆಯವರು, ಸುಭೇದಾರರಾಗಿ ನಿವೃತ್ತರಾಗಿ ಪುಣೆಯಲ್ಲೇ ನೆಲೆಸಿದವರು. ನಮ್ಮ ಮನೆಯಲ್ಲೂ ಒಬ್ಬ ಮಿಲಿಟರಿಯವರಿದ್ದರು ಎಂದು ಸುಮಿತ್ರಾ ಹೇಳಿದ್ದೇ ತಡ, ಅವರು ಫೋಟೊ ನೋಡಲು ಭಾನುವಾರ ಮನೆಗೇ ಬರುತ್ತೇನೆಂದರು. ಅವಳು ಫೋಟೊವನ್ನು ಬಾಗಿಲಿನಷ್ಟು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಕೆಳಗೆ ಹಿತ್ತಾಳೆಯ ಫಲಕದಲ್ಲಿ ‘ಕ್ಯಾಪ್ಟನ್ ರುದ್ರಪ್ಪ’ ಎಂದು ಕೆತ್ತಿಸಿದಳು.

ಅದೇ ವಾರ ನನ್ನ ಅಂಗಡಿಗೆ ನಿಜವಾದ ಸೈನಿಕನೊಬ್ಬ ಪ್ಯಾಂಟು ಬಿಗಿ ಮಾಡಿಸಲು ಬಂದ. ರಜೆ ಮುಗಿಸಿ ಹೊರಟಿದ್ದನಂತೆ, ಯುನಿಫಾರ್ಮಿನಲ್ಲೇ ಬಂದಿದ್ದ. ತೋಳಿನ ಮೇಲೆ ಒಂದೇ ಪಟ್ಟಿ. ನಾನು ಎದ್ದು ನಿಂತು, ಸ್ಟೂಲು ಒರೆಸಿ, “ಬಸಾ, ಕ್ಯಾಪ್ಟನ್ ಸಾಹೇಬ್” ಎಂದೆ. ಅವನು ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ. ಆಮೇಲೆ ಗೋಡೆಗೆ ಒರಗಿ ನಕ್ಕ. “ಕಾಕಾ, ಮೀ ಲಾನ್ಸ್ ನಾಯಕ್ ಆಹೆ” ಎಂದ. ಸಿಪಾಯಿಗಿಂತ ಒಂದೇ ಮೆಟ್ಟಿಲು ಮೇಲೆ ಎಂದು ಬೆರಳು ತೋರಿಸಿ ತಿಳಿಸಿದ. ಕ್ಯಾಪ್ಟನ್ ಎಷ್ಟು ಮೇಲೆ ಎಂದು ಕೇಳಿದ್ದಕ್ಕೆ ಕೈಯನ್ನು ನನ್ನ ಫ್ಯಾನಿನ ತನಕ ಎತ್ತಿದ. ನನ್ನ ಅಜ್ಜ ಆ ಎತ್ತರದಿಂದ ನೇರ ನನ್ನ ತಲೆಯ ಮೇಲೆ ಬಿದ್ದರು.

ತಂಗಿಗೆ ಹೇಳಬೇಕೆಂದು ಮರುದಿನ ಅವಳ ಮನೆಗೆ ಹೋದೆ. ಚಹಾ ಕುಡಿದು ಬಂದೆ. ಅದರ ಮರುದಿನವೂ ಹೋದೆ. ಅವಳು ಫಲಕಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. “ಹೊಳೀತದಲ್ಲ?” ಎಂದು ಕೇಳಿದಳು. “ಭಾಳ ಹೊಳೀತದ” ಎಂದು ಹೇಳಿ ಆ ದಿನವೂ ಚಹಾ ಕುಡಿದು ಬಂದೆ. ಬೀಗರ ಎದುರು, ಮಗಳ ಮದುವೆಯ ಹೊತ್ತಿನಲ್ಲಿ, ಅವಳು ಸುಳ್ಳಿ ಎನಿಸಿಕೊಳ್ಳುತ್ತಾಳಲ್ಲ ಎಂಬ ಸಂಕಟಕ್ಕೆ ಅಂಗಡಿಯಲ್ಲಿ ಒಬ್ಬ ಗಾರ್ಡಿನ ಅಂಗಿಯ ಎರಡೂ ತೋಳನ್ನು ಒಂದೇ ಕಡೆಗೆ ಹೊಲಿದೆ.

ಭಾನುವಾರ ಬೆಳಿಗ್ಗೆ ಉಪಾಯ ಹೊಳೆಯಿತು. ಮಾರ್ಕೆಟಿಗೆ ಹೋಗಿ, ಗಣಪತಿ ಮಂಡಳದವರು ಒಯ್ಯುವಂಥ ಚೆಂಡು ಹೂವಿನ ಮಾಲೆ ತಂದೆ. ಫೋಟೊಕ್ಕೆ ಹಾಕಿದಾಗ ಪಟ್ಟಿಯೂ ಮುಚ್ಚಿತು, ಹಗ್ಗವೂ ಮುಚ್ಚಿತು, ಫಲಕವೂ ಮುಚ್ಚಿತು. ಹೂವಿನ ರಾಶಿಯೊಳಗಿಂದ ಅಜ್ಜನ ಮುಖವೊಂದೇ ಇಣುಕುತ್ತಿತ್ತು. ಸುಮಿತ್ರಾ ನೋಡಿ, “ಅಣ್ಣಗ ಅಜ್ಜನ ಮ್ಯಾಲೆ ಎಷ್ಟು ಪ್ರೀತಿ” ಎಂದಳು. ನನಗೆ ನೆಲ ಬಿರಿಯಬಾರದೇ ಎನಿಸಿತು, ಆದರೆ ಅವಳ ಮನೆ ಮೂರನೆಯ ಮಹಡಿಯಲ್ಲಿದೆ.

ಸುಭೇದಾರರು ಬಂದರು. ಬಂದವರು ಕೂರದೆ, ಫೋಟೊದ ಮುಂದೆ ನೆಟ್ಟಗೆ ನಿಂತು ನಮಸ್ಕಾರ ಮಾಡಿದರು. “ಮಾಲಿ ಭಾಳ ದೊಡ್ಡದ ಆಗ್ಯಾದ, ಅಜ್ಜಾರು ಕಾಣವಲ್ರು” ಎಂದು ತಾವೇ ಅದನ್ನು ಸರಿಸಿದರು. ಫಲಕ ಓದಿದರು. ತೋಳು ನೋಡಿದರು. ಮತ್ತೆ ಫಲಕ ಓದಿದರು.

“ಕ್ಯಾಪ್ಟನ್ ಅಂತ ಯಾರ ಹೇಳಿದ್ರವ್ವಾ?”

“ನಮ್ಮಣ್ಣ ಹೇಳ್ಯಾನ್ರಿ” ಎಂದಳು ಸುಮಿತ್ರಾ. “ಯುನಿಫಾರ್ಮಿನ ವಿಷಯ ಅವನನ್ನs ಕೇಳ್ಬೇಕ್ರಿ.”

ಕೆತ್ತುವವನು ತಪ್ಪು ಮಾಡಿದ್ದಾನೆ ಎಂಬ ಉತ್ತರ ಅಷ್ಟರಲ್ಲೇ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆದರೆ ಅವಳ ಮುಖದಲ್ಲಿ ನನ್ನ ಬಗ್ಗೆ ಇದ್ದ ಹೆಮ್ಮೆ ನೋಡಿ ಅದು ಹೊರಗೆ ಬರಲಿಲ್ಲ. “ನನಗ ಗೊತ್ತಿರ್ಲಿಲ್ರಿ” ಎಂದೆ. “ಗೊತ್ತದ ಅಂತ ಹೇಳಿದೆ. ಇದರಾಗ ಆಕೀದೇನೂ ತಪ್ಪಿಲ್ಲ.”

“ಅಂದ್ರ ಅಜ್ಜ ಕ್ಯಾಪ್ಟನ್ ಅಲ್ಲೇನು?” ಸುಮಿತ್ರಾ ಕೇಳಿದಳು.

“ಲಾನ್ಸ್ ನಾಯಕ. ಸಿಪಾಯಿಕಿಂತ ಒಂದ ಮೆಟ್ಟಲ ಮ್ಯಾಲೆ” ಎಂದೆ.

“ನಿನಗ ಯಾವಾಗ ತಿಳೀತು?”

“ಇದs ವಾರ.”

ಅವಳು ಮಾಲೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಅದಕ್ಕs ಈ ಹೂವಿನ ಅಂಗಡಿ” ಎಂದಳು. ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಸುಭೇದಾರರು ಮಾತ್ರ ಫೋಟೊ ಬಿಟ್ಟು ಕದಲಲಿಲ್ಲ. “ಟೇಲರ್ ಸಾಹೇಬ್ರ, ಇಲ್ಲಿ ಬರ್ರಿ. ಈ ಪಟ್ಟಿ ಹೊಲದವ್ರು ಯಾರು, ಹೇಳ್ರಿ ನೋಡೂಣು.”

ದೊಡ್ಡದು ಮಾಡಿಸಿದ್ದರಿಂದ ಒಂದೊಂದು ಹೊಲಿಗೆಯೂ ಕಾಣುತ್ತಿತ್ತು. ಇದು ನನಗೆ ನಿಜವಾಗಿ ಗೊತ್ತಿದ್ದ ಸಂಗತಿ. “ಟೇಲರ್ ಅಲ್ರಿ. ಕೈ ಹೊಲಿಗಿ. ಎಡಕ್ಕ ಜಗ್ಗೇದ, ದಾರ ಎರಡು ಎಳಿ ಹಾಕ್ಯಾರ. ಸೂಜಿ ಹಿಡಿದು ರೂಢಿ ಇಲ್ದಾವ್ರು, ಗಡಿಬಿಡಿಯಾಗ ಹೊಲದಾರ.”

“ಹಂಗಾರ ಅಜ್ಜಾರs ಹೊಲಕೊಂಡಾರ” ಎಂದರು ಸುಭೇದಾರರು. “ಮೊದಲನೇ ಪಟ್ಟಿ ಸಿಕ್ಕ ದಿನ ಟೇಲರ್ ಬರೂತನಕ ಯಾರು ಕಾಯ್ತಾರ್ರಿ? ನಾನೂ ಬ್ಯಾರಕಿನಾಗ ಕಾಟಿನ ಮ್ಯಾಲೆ ಕುಂತು ಹೊಲದಿದ್ದೆ. ಬೆರಳ ಚುಚ್ಚಿ ರಕ್ತ ಬಂತು, ನಂದೂ ಹಿಂಗs ಸೊಟ್ಟ ಆಗಿತ್ತು. ಮರುದಿನ ಅದನ್ನ ಬಿಚ್ಚಿ ನೆಟ್ಟಗ ಹೊಲಸ್ತೇವಿ. ಅಂದ್ರ ನಿಮ್ಮ ಅಜ್ಜಾರು ಆವತ್ತs ಸ್ಟುಡಿಯೊಕ್ಕ ಓಡ್ಯಾರ. ಮುಂದ ಸುಭೇದಾರ ಆದೆ ಖರೆ, ಆದ್ರ ಆ ದಿನದಷ್ಟು ದೊಡ್ಡಾವ ಮತ್ತ ಯಾವತ್ತೂ ಆಗ್ಲಿಲ್ಲ.”

ಸುಮಿತ್ರಾ ಹತ್ತಿರ ಬಂದು ಆ ಸೊಟ್ಟ ಪಟ್ಟಿಯ ಮೇಲೆ ಗಾಜಿನ ಹೊರಗಿನಿಂದಲೇ ಬೆರಳಾಡಿಸಿದಳು. ಇಷ್ಟು ದಿನ ಗೋಡೆಯ ಮೇಲೆ ಒಬ್ಬ ದೊಡ್ಡ ಅಧಿಕಾರಿಯಿದ್ದರು. ಈಗ ಬೆರಳು ಚುಚ್ಚಿಕೊಂಡ ಒಬ್ಬ ಹುಡುಗ ನಮ್ಮಿಬ್ಬರ ಕಡೆ ನೋಡುತ್ತಿದ್ದ. “ಫಲಕ ಹೊಸಾದು ಮಾಡಸ್ತೀನ್ರಿ” ಎಂದು ಸುಭೇದಾರರಿಗೆ ಹೇಳಿ, ನನ್ನ ಕಡೆ ತಿರುಗಿದಳು. “ಟೊಪಿಗಿ ಮ್ಯಾಲೆ ಬಿಲ್ಲೆ ಅದ. ಯಾವ ಪಲ್ಟನ್ನಿಂದದು, ಅಣ್ಣಾ?”

ಎಲ್ಲರೂ ನನ್ನ ಬಾಯಿ ನೋಡಿದರು. “ಗೊತ್ತಿಲ್ಲ” ಎಂದೆ.

“ಇನ್ನೊಮ್ಮೆ ಹೇಳು” ಎಂದು ಸುಮಿತ್ರಾ ಮೊಬೈಲು ಎತ್ತಿದಳು. “ರೆಕಾರ್ಡ್ ಮಾಡ್ಕೋತೀನಿ.” ಅವಳ ತುಟಿಯ ಮೂಲೆಯಲ್ಲಿ ನಗು ಕಂಡು ನನಗೆ ಹೋದ ಉಸಿರು ಬಂತು.

ಹೊಸ ಮನುಷ್ಯನಾಗಿ ಸ್ಕೂಟರಿನಲ್ಲಿ ಹಿಂದಿರುಗುತ್ತಿದ್ದೆ. ಸಿಗ್ನಲ್ಲಿನಲ್ಲಿ ಬೈಕಿನವನೊಬ್ಬ ಮದುವೆ ನಡೆಯುವ ಯಾವುದೋ ಮಂಗಲ ಕಾರ್ಯಾಲಯದ ದಾರಿ ಕೇಳಿದ. “ಸರಳ್ ಜಾ, ಮಗ್ ಡಾವೀಕಡೆ” ಎಂದೆ. ನೇರ ಹೋಗಿ ಎಡಕ್ಕೆ. ಅವನು ಹೊರಟ ಮೇಲೆ, ಆ ಕಾರ್ಯಾಲಯದ ಹೆಸರನ್ನೇ ನಾನು ಎಂದೂ ಕೇಳಿಲ್ಲ ಎಂಬುದು ತಲೆಗೆ ಹೊಳೆಯಿತು. ಈ ಸಲ ಬಿಡಲಿಲ್ಲ. ಹಾರ್ನ್ ಹೊಡೆಯುತ್ತ ಬೆನ್ನಟ್ಟಿ, ಅಡ್ಡಗಟ್ಟಿ, ನನಗೆ ದಾರಿ ಗೊತ್ತಿಲ್ಲ ಎಂದು ಒಪ್ಪಿಕೊಂಡೆ. ಇದನ್ನು ಹೇಳಲು ಇಷ್ಟು ದೂರ ಬಂದಿರಾ ಎಂಬಂತೆ ಅವನು ನನ್ನನ್ನು ನೋಡಿದ. ಇಬ್ಬರೂ ಸೇರಿ ಪಕ್ಕದ ಪಾನ್ ಅಂಗಡಿಯವನನ್ನು ಕೇಳಿದೆವು. ಅವನು ಒಂದು ಕ್ಷಣವೂ ಯೋಚಿಸದೆ ಕೈ ಉದ್ದಕ್ಕೆ ಚಾಚಿದ, ನಾವು ಬಂದ ದಾರಿಯ ಕಡೆಗೆ. ಆ ಮುಖದ ಆತ್ಮವಿಶ್ವಾಸ ನನಗೆ ಎಷ್ಟು ಪರಿಚಿತವಾಗಿತ್ತೆಂದರೆ, ಬೈಕಿನವನ ತೋಳು ಹಿಡಿದು, “ಇನ್ನೊಬ್ಬರನ್ನು ಕೇಳೋಣ” ಎಂದೆ.